ಡಿಕ್ಕಿಯಲ್ಲಿದ್ದ ಗುಡುಗು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ದೂರುದಾರನಿಗಿಂತ ಮೊದಲೇ ಒಳಗೆ ಬಂತು. ಆತ ಇನ್ನೂ ಗೇಟಿನ ಬಳಿ ಕಾರು ನಿಲ್ಲಿಸುತ್ತಿದ್ದ. "ನನ್ನ ಡಬ್ಬಿ ಕದ್ದಿದಾರೆ" ಎಂಬ ಮಾತು ಮಾತ್ರ ಆಗಲೇ ಮುಂಬಾಗಿಲು ದಾಟಿ, ಬರಹಗಾರರ ಮೇಜು ದಾಟಿ, ಇನ್‌ಸ್ಪೆಕ್ಟರ್ ಕೋಣೆ ಮುಟ್ಟಿತ್ತು.

ಇನ್‌ಸ್ಪೆಕ್ಟರ್ ಮಹಿಳೆ. ಈ ಠಾಣೆಗೆ ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಎದುರಿನವರು ದನಿ ಏರಿಸಿದಷ್ಟೂ ತಾವು ದನಿ ಇಳಿಸುವುದು ಅವರ ಪದ್ಧತಿ.

"ಕೂತ್ಕೊಳ್ಳಿ. ಮೆಲ್ಲಗೆ ಹೇಳಿ."

"ಮೆಲ್ಲಗೇ ಹೇಳ್ತಾ ಇದೀನಿ ಮೇಡಂ," ಎಂದು ಆತ ಕೂಗಿದ.

ಆತನಿಗೆ ಊರಲ್ಲಿ ಟೈಲ್ಸ್ ಅಂಗಡಿ. ಇಪ್ಪತ್ತು ವರ್ಷ ಟೈಲ್ಸ್ ಕತ್ತರಿಸುವ ಯಂತ್ರದ ಪಕ್ಕ ನಿಂತು ಕಿವಿ ಅರ್ಧ ಮಂದವಾಗಿತ್ತು. ತನ್ನ ದನಿ ತನಗೆ ಕೇಳಿಸುವಷ್ಟು ಮಾತಾಡಿದರೆ ಅದು ಬೀದಿಗೆಲ್ಲ ಕೇಳಿಸುತ್ತಿತ್ತು. ಆತನ ಬೀದಿಯಲ್ಲಿ ಎಲ್ಲರೂ ಆತನನ್ನು ಗುಡುಗಪ್ಪ ಎನ್ನುತ್ತಿದ್ದರು. ಆತನೊಬ್ಬನಿಗೆ ಮಾತ್ರ ಇದು ಗೊತ್ತಿರಲಿಲ್ಲ.

"ಏನು ಕಳವಾಗಿದೆ?"

"ಸಬ್‌ವೂಫರ್."

ಬರೆದುಕೊಳ್ಳಲು ಕುಳಿತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿದ. "ಬಿಡಿಸಿ ಹೇಳಿ."

"ಕಾರಿನ ಜತೆ ಬರುತ್ತಲ್ಲ ಸಾರ್, ಕಂಪನಿ ಸ್ಪೀಕರು, ಅದರಲ್ಲಿ ಹಾಡು ಕಿವಿಗೆ ಕೇಳಿಸುತ್ತೆ. ಇದನ್ನ ಡಿಕ್ಕೀಲಿ ಹಾಕಿಸಿದ್ರೆ ಹೊಟ್ಟೆಗೆ ಕೇಳಿಸುತ್ತೆ."

ಹೆಡ್ ಕಾನ್‌ಸ್ಟೆಬಲ್ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು, 'ಹೊಟ್ಟೆಗೆ ಕೇಳಿಸುವ ಡಬ್ಬಿ, ಒಂದು' ಎಂದು ಬರೆದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದು ಹಾಕಿ, 'ದೊಡ್ಡ ಸ್ಪೀಕರ್ ಅಳವಡಿಸಿದ ಮರದ ಪೆಟ್ಟಿಗೆ ಒಂದು, ಆಂಪ್ಲಿಫೈಯರ್ ಒಂದು' ಎಂದು ತಿದ್ದಿಸಿದರು.

"ಕೊನೇ ಸಲ ಯಾವಾಗ ಬಾರಿಸಿದ್ದು?"

"ನಿನ್ನೆ ಭಾನುವಾರ, ಊಟಕ್ಕೆ ಮನೆಗೆ ಬರೋವಾಗ. ಮನೆ ಮುಂದೆ ನಿಲ್ಲಿಸಿದೆ. ಇವತ್ತು ಬೆಳಿಗ್ಗೆ ಹೆಂಡತೀನ ಕೆಲಸಕ್ಕೆ ಬಿಟ್ಟೆ. ಪ್ರಾಣಿಗಳ ಆಸ್ಪತ್ರೇಲಿ ನರ್ಸು ಅವಳು. ಹೋಗ್ತಾ ಹಾಡು ಹಾಕಿರಲಿಲ್ಲ, ಹಿಂದಿನ ಸೀಟಲ್ಲಿ ನಾಯಿ ಇತ್ತು. ಅವಳನ್ನ ಇಳಿಸಿ ಹಾಡು ಹಾಕಿದ್ರೆ ಬರೀ ಕೀಚು ಕೀಚು. ಡಿಕ್ಕಿ ತೆಗೆದು ನೋಡಿದ್ರೆ ಖಾಲಿ."

"ನಿಮ್ಮ ನಾಯೀನಾ?"

"ಆಸ್ಪತ್ರೇದು. ಆಪರೇಷನ್ ಆಗಿತ್ತಂತೆ, ಮನೆಗೆ ತಂದಿದ್ಲು. ಪಂಜರಕ್ಕೆ ಬಟ್ಟೆ ಮುಚ್ಚಿತ್ತು. ನಾನೇ ಎತ್ತಿ ಇಟ್ಟೆ, ಭಾರ ಅಂದ್ರೆ ಭಾರ. ಅಲುಗಾಡಿಸಬೇಡಿ, ಹೊಲಿಗೆ ಬಿಚ್ಚುತ್ತೆ ಅಂದ್ಲು. ಹಂಪ್ ಬಂದಲ್ಲೆಲ್ಲ ಬಸುರೀನ ಕರ್ಕೊಂಡು ಹೋಗೋ ಹಾಗೆ ಹೋದೆ ಮೇಡಂ."

"ಯಾರ ಮೇಲಾದ್ರೂ ಅನುಮಾನ?"

"ನಮ್ಮ ಬೀದೀಲಿ ನನಗೆ ಶತ್ರುಗಳೇ ಇಲ್ಲ."

ಅಪರಿಚಿತ ಆರೋಪಿಯ ಮೇಲೆ ಕಳ್ಳತನದ ಎಫ್‌ಐಆರ್ ದಾಖಲಾಯಿತು.

ಹನ್ನೊಂದೂ ಇಪ್ಪತ್ತಕ್ಕೆ ಠಾಣೆಯ ಅಂಗಳದಲ್ಲೇ ಕಾರಿನ ಪಂಚನಾಮೆ ನಡೆಯಿತು. ಎದುರಿನ ಟೀ ಅಂಗಡಿಯವನೂ ಪಕ್ಕದ ಪಂಕ್ಚರ್ ಅಂಗಡಿಯವನೂ ಪಂಚರು. ಬೀಗ ಒಡೆದಿರಲಿಲ್ಲ, ಗಾಜು ಬಿರಿದಿರಲಿಲ್ಲ. ಡಿಕ್ಕಿಯನ್ನು ಯಾರೋ ಗುಡಿಸಿಟ್ಟಂತಿತ್ತು. ದೂರುದಾರ ತಳದ ಕಾರ್ಪೆಟ್ಟಿನ ಮೇಲೆ ಬೆರಳಾಡಿಸಿ ತಬ್ಬಿಬ್ಬಾದ.

"ಇಲ್ಲಿ ಕತ್ತರಿಸಿದ ಜಾಗ ಇತ್ತು. ವೈರ್ ಮೇಲೆ ತರೋಕೆ ಅಂಗಡಿಯವನು ಗೇಣುದ್ದ ಸೀಳಿದ್ದ."

ಸೀಳಿದ ಜಾಗವನ್ನು ನೀಲಿ ದಾರದಲ್ಲಿ ಒತ್ತೊತ್ತಾಗಿ ಹೊಲಿದಿದ್ದರು.

"ಕಳ್ಳ ಹರಿದಿದ್ದನ್ನ ಹೊಲಿದುಕೊಟ್ಟು ಹೋಗಿದಾನೆ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್. "ನನ್ನ ಸರ್ವೀಸಲ್ಲಿ ಇಂಥ ಮರ್ಯಾದಸ್ಥನನ್ನ ನೋಡಿಲ್ಲ."

ಕಾರಿನ ಬೀಗದಕೈ ಮನೆಯಲ್ಲಿ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿರುತ್ತದೆ ಎಂದು ದೂರುದಾರ ತಿಳಿಸಿದ. ಊಟದ ಹೊತ್ತಾಯಿತೇನೋ ಎಂದು ಹೆಡ್ ಕಾನ್‌ಸ್ಟೆಬಲ್ ಕಾರಿನ ಗಡಿಯಾರಕ್ಕೆ ಇಣುಕಿದ. ಅದು ಏಳೂ ಐವತ್ತು ತೋರಿಸುತ್ತಿತ್ತು. ನಿನ್ನೆಯವರೆಗೂ ಸರಿಯಾಗಿತ್ತು ಎಂದ ದೂರುದಾರ. ಇನ್‌ಸ್ಪೆಕ್ಟರ್ ಅದನ್ನೂ ಪಂಚನಾಮೆಗೆ ಸೇರಿಸಿದರು.

ಪೆಟ್ಟಿಗೆ ಕೂರಿಸಿದ ಅಂಗಡಿಗೆ ಕಾರನ್ನು ಒಯ್ದಾಗ, ಅಂಗಡಿಯವನು ಬಿಚ್ಚಿಟ್ಟ ಕಾರು ಬಾಗಿಲುಗಳ ನಡುವೆ ಕುಳಿತು ವೈರು ಸುಲಿಯುತ್ತಿದ್ದ. ಬ್ಯಾಟರಿಯ ಬಳಿ, ಹಿಂದಿನ ಸೀಟಿನಡಿ, ಡಿಕ್ಕಿಯೊಳಗೆ ಟಾರ್ಚ್ ಬಿಟ್ಟು ನೋಡಿ ನಿಟ್ಟುಸಿರಿಟ್ಟ.

"ನನ್ನ ಕೆಲಸಾನ ಪೂರ್ತಿ ಕಿತ್ತು ಹಾಕಿದಾರೆ. ಆದ್ರೂ ಹೇಳ್ತೀನಿ ಮೇಡಂ, ಚೆನ್ನಾಗಿ ಕಿತ್ತಿದಾರೆ."

"ಬಿಡಿಸಿ ಹೇಳಿ," ಎಂದ ಹೆಡ್ ಕಾನ್‌ಸ್ಟೆಬಲ್.

"ಕಂಪನಿ ಸ್ಟೀರಿಯೋನ ನಾನು ಬದಲಾಯಿಸಲ್ಲ. ಹಿಂದಿನ ಸ್ಪೀಕರ್‌ಗೆ ಹೋಗೋ ವೈರಿಂದ ಸದ್ದು ಕದೀತೀನಿ."

"ಕದೀತೀರಾ?"

"ಅಂದ್ರೆ, ತಗೋತೀನಿ ಸಾರ್. ಅದನ್ನ ಆಂಪ್ಲಿಫೈಯರ್‌ಗೆ ಕೊಟ್ಟು ಅಲ್ಲಿಂದ ಪೆಟ್ಟಿಗೆಗೆ. ಕರೆಂಟು ಬ್ಯಾಟರಿಯಿಂದ ನೇರ ಬರುತ್ತೆ. ತೆಗೆದೋರು ಕಂಪನಿ ವೈರನ್ನ ಇದ್ದ ಹಾಗೇ ಕೂಡಿಸಿ ಟೇಪು ಸುತ್ತಿದಾರೆ. ಎಲ್ಲಕ್ಕಿಂತ ಮೊದಲು ಬ್ಯಾಟರಿ ಬಿಚ್ಚಿದಾರೆ, ಕಿಡಿ ಹಾರಬಾರದು ಅಂತ. ಅದಕ್ಕೇ ನೋಡಿ ಗಡಿಯಾರ ಕೆಟ್ಟಿದ್ದು. ಬ್ಯಾಟರಿ ತೆಗೆದು ಹಾಕಿದ್ರೆ ಇದು ಹನ್ನೆರಡು ಗಂಟೆಯಿಂದ ಹೊಸದಾಗಿ ಶುರುವಾಗುತ್ತೆ."

ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದರು. ಗಡಿಯಾರ ಮೂರೂವರೆ ಗಂಟೆ ಹಿಂದಿತ್ತು. ಅಂದರೆ ಕಳ್ಳ ಕೆಲಸ ಮುಗಿಸಿ ಬ್ಯಾಟರಿ ಕೂಡಿಸಿದ್ದು ಮೂರೂವರೆಗೆ.

"ಮಧ್ಯಾಹ್ನ ಮೂರೂವರೇನಾ, ಬೆಳಗಿನ ಜಾವ ಮೂರೂವರೇನಾ?"

"ಅಷ್ಟೆಲ್ಲ ಈ ಗಡಿಯಾರ ಹೇಳಲ್ಲ ಮೇಡಂ."

ಅದನ್ನು ತಿಳಿಯಲು ಬೀದಿಗೆ ಹೋಗಬೇಕಾಯಿತು. ದೂರುದಾರನ ಎದುರುಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದರು. ಪೊಲೀಸರನ್ನು ಕಂಡವರೇ ಶರಟಿನ ಮೇಲಿನ ಗುಂಡಿ ಹಾಕಿಕೊಂಡು ಎರಡೂ ಕೈ ಮುಂದೆ ಚಾಚಿದರು.

"ನಾನೇ ಮಾಡಿದ್ದು. ನಡೀರಿ."

"ಹೇಗೆ ಮಾಡಿದ್ರಿ ಮೇಷ್ಟ್ರೇ?"

"ಕತ್ತರಿಯಿಂದ."

"ಯಾವ ವೈರನ್ನ ಕತ್ತರಿಸಿದ್ರಿ?"

"ಇದ್ದಬದ್ದವನ್ನೆಲ್ಲ."

"ಒಂದು ವೈರೂ ತುಂಡಾಗಿಲ್ಲ ಮೇಷ್ಟ್ರೇ."

ಮೇಷ್ಟ್ರ ಕೈ ಕೆಳಗಿಳಿಯಿತು. ಮುಖ ಸಣ್ಣದಾಯಿತು. "ಮಾಡಬೇಕು ಅಂತ ತಿಂಗಳಿಂದ ಅಂದ್ಕೊಂಡಿದ್ದೆ. ಆ ಕಾರು ಬಂತು ಅಂದ್ರೆ ನಮ್ಮನೆ ಅಲಮಾರಿ ಗಾಜೆಲ್ಲ ಹಲ್ಲು ಕಡಿಯುತ್ತೆ. ರಾತ್ರಿ ನಿದ್ದೇನೇ ಹತ್ತಲ್ಲ. ಈಗ ಬಡೀತಾನೆ, ಆಗ ಬಡೀತಾನೆ ಅಂತ ಬೆಳಕಾಗೋವರೆಗೂ ಕಿಟಕೀಲಿ ಕೂತು ಆ ಕಾರನ್ನೇ ನೋಡ್ತಿರ್ತೀನಿ."

"ನಿನ್ನೆ ರಾತ್ರಿನೂ ನೋಡಿದ್ರಾ?"

"ಕಣ್ಣು ಮುಚ್ಚಿಲ್ಲ. ಒಂದು ನರಪಿಳ್ಳೇನೂ ಅದರ ಹತ್ತಿರ ಸುಳಿಯಲಿಲ್ಲ."

"ಮಧ್ಯಾಹ್ನ?"

"ಮಧ್ಯಾಹ್ನ ಮಲಗಿರ್ತೀನಿ. ಇಲ್ಲಾಂದ್ರೆ ರಾತ್ರಿ ಹೇಗೆ ಎದ್ದಿರಲಿ?"

ಹೀಗೆ ಆರೋಪಿಯಾಗಲು ಹೊರಟ ಮೇಷ್ಟ್ರು ಸಾಕ್ಷಿಯಾದರು. ಕಳ್ಳತನ ನಡೆದದ್ದು ಭಾನುವಾರ ಮಧ್ಯಾಹ್ನ.

ಪಕ್ಕದ ಮನೆಯಲ್ಲಿ ಕೇಕ್ ಮಾಡಿ ಮಾರುವ ಹೆಂಗಸು ಬಾಗಿಲು ತೆರೆದಳು. ಅವಳ ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ಕೇಕೊಂದಿತ್ತು. ಅದರ ಮೇಲೆ ಬಿಳಿ ಕೆನೆಯಲ್ಲಿ 'ಧನ್ಯವಾದ' ಎಂದು ಬರೆದಿತ್ತು.

"ಯಾರಿಗಮ್ಮ ಇದು?" ಎಂದು ಕೇಳಿದ ಹೆಡ್ ಕಾನ್‌ಸ್ಟೆಬಲ್.

"ಯಾರು ತೆಗೆದ್ರೋ ಅವರಿಗೆ. ಓವನ್‌ನಲ್ಲಿ ಕೇಕ್ ಉಬ್ತಾ ಇರೋ ಹೊತ್ತಿಗೇ ಈ ಯಪ್ಪ ಗೇಟಿಗೆ ಬರೋದು. ಧಡ್ ಅಂದ್ರೆ ನನ್ನ ಎದೆ ಕೂತುಬಿಡುತ್ತೆ, ಅದರ ಹಿಂದೆ ಕೇಕೂ ಕೂತುಬಿಡುತ್ತೆ. ಸಿಕ್ಕಿದ್ರೆ ಹೇಳಿ ಸಾರ್, ತಾಜಾ ಇರುವಾಗಲೇ ಕೊಡಬೇಕು."

"ನಿನ್ನೆ ಮಧ್ಯಾಹ್ನ ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಗೇಟಿಗೆ ಎದುರಾಗೇ ಕೂತು ಕೆನೆ ಕಡೀತಿದ್ದೆ. ಹೊರಗಿನವರು ಯಾರೂ ಬಂದಿಲ್ಲ."

ಹೊರಗೆ ಬಂದಾಗ ಹೆಡ್ ಕಾನ್‌ಸ್ಟೆಬಲ್ಲನ ಮೀಸೆಗೆ ಕೆನೆ ಹತ್ತಿತ್ತು. ಇನ್‌ಸ್ಪೆಕ್ಟರ್ ಕಂಡೂ ಕಾಣದಂತೆ ನಡೆದರು.

ಹೊರಗಿನವರು ಬಂದಿಲ್ಲ, ಬೀಗದಕೈ ಒಳಗಿತ್ತು. ದೂರುದಾರನ ಮನೆಯಲ್ಲಿ ಇದ್ದವರು ಆತ, ಆತನ ಹೆಂಡತಿ, ಆತನ ಅಮ್ಮ, ಪರೀಕ್ಷೆಗೆ ಓದುತ್ತಿದ್ದ ಮಗಳು. ಅಮ್ಮನಿಗೆ ಮಂಡಿನೋವು. ಮಗಳು ಅಜ್ಜಿಯ ಕಣ್ಣೆದುರೇ ಓದುತ್ತಿದ್ದಳಂತೆ. ಊಟವಾದ ಮೇಲೆ ತಾನು ಮಲಗಿದೆ, ಹೆಂಡತಿಯೂ ಪಕ್ಕದಲ್ಲೇ ಮಲಗಿದ್ದಳು ಎಂದ ದೂರುದಾರ.

"ಮಲಗಿದ್ರು ಅಂತ ಹೇಗೆ ಗೊತ್ತು?"

"ನಾನು ಮಲಗೋವಾಗ ಇದ್ಲು ಮೇಡಂ. ಏಳೋವಾಗಲೂ ಇದ್ಲು."

ಸಂಜೆ ಇನ್‌ಸ್ಪೆಕ್ಟರ್ ಆ ಕಾರ್ಪೆಟ್ಟನ್ನು ವಶಕ್ಕೆ ತೆಗೆದುಕೊಂಡು, ಸುರುಳಿ ಸುತ್ತಿ, ಹಳೆಯ ಸೋಫಾ ರಿಪೇರಿ ಮಾಡುವವನ ಬಳಿಗೆ ಒಯ್ದರು. ಆತ ಕನ್ನಡಕ ಏರಿಸಿ ಹೊಲಿಗೆಯನ್ನು ಬೆಳಕಿಗೆ ಹಿಡಿದ.

"ಇದು ನಮ್ಮ ಕಸುಬಿನವರದ್ದಲ್ಲ. ನಾವು ಒಂದೇ ದಾರದಲ್ಲಿ ಎಳ್ಕೊಂಡು ಹೋಗಿ ಕೊನೇಲಿ ಗಂಟು ಹಾಕ್ತೀವಿ. ಇಲ್ಲಿ ಒಂದೊಂದು ಹೊಲಿಗೆಗೂ ಬೇರೆ ಬೇರೆ ಗಂಟು." ತೋಳು ಮಡಚಿ ಮೊಣಕೈ ತೋರಿಸಿದ. ಅಲ್ಲಿ ಹಳೆಯ ಗಾಯದ ಗುರುತು ಏಣಿಯಂತೆ ಕಾಣುತ್ತಿತ್ತು. "ಹೋದ ವರ್ಷ ಬಿದ್ದಾಗ ನನಗೆ ಹೀಗೇ ಹಾಕಿದ್ರು. ಇದು ಚರ್ಮಕ್ಕೆ ಹಾಕೋ ಹೊಲಿಗೆ ಮೇಡಂ."

"ಹಾಕಿದವರು ಪಳಗಿದವರಾ?"

"ಪಳಗಿದವರೇ. ಆದ್ರೆ ಈ ಕೊನೇವು ನೋಡಿ, ದಾರಿ ತಪ್ಪಿವೆ. ಕೈ ನಡುಗಿದೆ."

ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಕಾರ್ಪೆಟ್ಟಿನ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ, "ಆ ನಾಯಿ ಬಹಳ ಭಾರ ಇತ್ತು ಅಂದ್ರಲ್ಲ ಮೇಡಂ," ಎಂದ.

"ನಾನೂ ಅದನ್ನೇ ಯೋಚಿಸ್ತಿದೀನಿ."

ಮಂಗಳವಾರ ಬೆಳಿಗ್ಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕೇಳಿದಾಗ, ಆ ವಾರ ಯಾವ ನಾಯಿಯನ್ನೂ ಯಾರ ಮನೆಗೂ ಕಳಿಸಿಲ್ಲ ಎಂದರು. ದೂರುದಾರನ ಹೆಂಡತಿ ಹಸಿರು ಏಪ್ರನ್ ತೊಟ್ಟು ಔಷಧಿ ಬಟ್ಟಲು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಹೇಳಿದಳು: "ಒಳಗೆ ಬನ್ನಿ ಮೇಡಂ. ತೋರಿಸ್ತೀನಿ."

ಹಿಂದಿನ ಕೋಣೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಮೇಲೆ ಒಂದು ದಪ್ಪ ಬೆಕ್ಕು ಮಲಗಿತ್ತು.

"ಇದೇ. ಆದ್ರೆ ಈಗ ಎತ್ತೋ ಹಾಗಿಲ್ಲ. ಬೆಕ್ಕಿಗೆ ನಿನ್ನೆ ತಾನೇ ಹೊಟ್ಟೆ ಆಪರೇಷನ್ ಆಗಿದೆ. ಅದಾಗೇ ಇಳೀಬೇಕು."

ಪಂಚರಾಗಿ ಬಂದ ಡಾಕ್ಟರೂ ಗಿಳಿ ತೋರಿಸಲು ಬಂದಿದ್ದ ಮುದುಕರೂ ಬೆಂಚಿನಲ್ಲಿ ಕುಳಿತರು. ಹೆಡ್ ಕಾನ್‌ಸ್ಟೆಬಲ್ ಮೂರು ಸಲ 'ಬಾ ಬಾ' ಎಂದ. ಬೆಕ್ಕು ಕಣ್ಣು ತೆರೆದು ಅವನನ್ನು ನೋಡಿ ಮತ್ತೆ ಮುಚ್ಚಿತು. ಅದು ಹಾಲಿನ ತಟ್ಟೆಯ ಕಡೆಗೆ ಹೊರಟಾಗ ಗಂಟೆ ಹನ್ನೊಂದು ದಾಟಿತ್ತು. 'ಸದರಿ ಬೆಕ್ಕು ಸ್ವಇಚ್ಛೆಯಿಂದ ಕೆಳಗಿಳಿದ ನಂತರ ಪಂಚರ ಸಮಕ್ಷಮ ಪೆಟ್ಟಿಗೆಯನ್ನೂ ಆಂಪ್ಲಿಫೈಯರನ್ನೂ ವಶಪಡಿಸಿಕೊಳ್ಳಲಾಯಿತು' ಎಂದು ಪಂಚನಾಮೆಯಲ್ಲಿ ಬರೆಯಲಾಯಿತು. ಈ ಸಲ ಇನ್‌ಸ್ಪೆಕ್ಟರ್ ಏನನ್ನೂ ಹೊಡೆದು ಹಾಕಲಿಲ್ಲ.

"ಬಿಚ್ಚೋದು ಯಾರು ಕಲಿಸಿದ್ರು?" ಎಂದು ಅವರು ಆಕೆಯನ್ನು ಕೇಳಿದರು.

"ಹಾಕಿಸೋ ದಿನ ನಾನೂ ಅಂಗಡೀಲಿ ಕೂತು ನೋಡಿದ್ದೆ. ಹಾಕಿದ್ದರ ಉಲ್ಟಾ ತೆಗೆದೆ. ಇವರು ಗೊರಕೆ ಹೊಡೀತಿದ್ರು."

"ಹೊಲಿದದ್ದು ಯಾಕೆ?"

"ಸೀಳಿದ್ದನ್ನ ಹಾಗೇ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ."

"ಸದ್ದು ಸಹಿಸೋಕಾಗಲಿಲ್ವಾ?"

ಆಕೆ ಅಲ್ಲವೆಂದು ತಲೆಯಾಡಿಸಿದಳು. "ಸದ್ದಿಗೆ ನಾನು ಒಗ್ಗಿದೀನಿ ಮೇಡಂ, ಅವರ ಜತೆ ಇಷ್ಟು ವರ್ಷ ಸಂಸಾರ ಮಾಡಿಲ್ವಾ. ಇವರಿಗೆ ಮೆಲ್ಲಗೆ ಹೇಳಿದ್ರೆ ಕೇಳಿಸಲ್ಲ. ಜೋರಾಗಿ ಹೇಳಿದ್ರೆ ಮನೇಲಿ ಅತ್ತೆಗೆ ಕೇಳಿಸುತ್ತೆ, ಮಗಳಿಗೆ ಕೇಳಿಸುತ್ತೆ, ಎದುರುಮನೆ ಮೇಷ್ಟ್ರಿಗೂ ಕೇಳಿಸುತ್ತೆ. ಬೆಳಿಗ್ಗೆ ಕಾರಲ್ಲಿ ಗಾಜು ಏರಿಸ್ಕೊಂಡು ಎಷ್ಟು ಜೋರಾಗಿ ಬೇಕಾದ್ರೂ ಮಾತಾಡಬಹುದಿತ್ತು. ನಮ್ಮಿಬ್ಬರ ಮಾತು ಅಂತ ಇದ್ದಿದ್ದೇ ಅಷ್ಟು ಹೊತ್ತು. ಆ ಪೆಟ್ಟಿಗೆ ಬಂದ ಮೇಲೆ ಅದೂ ಹೋಯ್ತು."

"ಆಫ್ ಮಾಡಿ ಅನ್ನಬಹುದಿತ್ತಲ್ಲ."

"ಒಂದು ಸಲ ಅಂದೆ. ಕೇಳಿಸಲಿಲ್ಲ. ಇನ್ನೊಂದು ಸಲ ಅನ್ನೋಕೆ ಬಾಯಿ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಹಾಡು ಪೂರ್ತಿ ಕೇಳಿಸ್ತಾ ಇದೆ ಅಂತ ಮಕ್ಕಳ ಹಾಗೆ ಕುಣೀತಿದ್ರು. ಕಳವಾಯ್ತು ಅಂದ್ರೆ ಕಳ್ಳನ ಮೇಲೆ ಸಿಟ್ಟು ಮಾಡ್ಕೋತಾರೆ, ನನ್ನ ಮೇಲಲ್ಲ ಅಂದ್ಕೊಂಡೆ."

"ನಿನ್ನೆ ಸದ್ದಿರಲಿಲ್ಲ. ಮಾತಾಡಿದ್ರಾ?"

"ಎಲ್ಲಿ ಮೇಡಂ. ದಾರಿಯುದ್ದಕ್ಕೂ ಅವರದ್ದು ನಾಯಿ ಮಾತು. ಗಂಡೋ ಹೆಣ್ಣೋ, ಏನು ತಿನ್ನುತ್ತೆ, ಯಾಕಿಷ್ಟು ಸುಮ್ಮನಿದೆ. ನಾನು ಇಳಿಯೋ ಹೊತ್ತಿಗೆ ಅದಕ್ಕೊಂದು ಹೆಸರೂ ಇಟ್ಟಿದ್ರು."

"ಅವರಿಗೆ ಏನು ಹೇಳಬೇಕಿತ್ತು?"

ಆಕೆ ಬಲಗೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. "ಅದನ್ನ ಮೊದಲು ಅವರಿಗೇ ಹೇಳಬೇಕು."

ಹೇಳಿಕೆಗೆ ಸಹಿ ಮಾಡುವಾಗ ಆ ಕೈ ಹೊರಗೆ ಬರಲೇಬೇಕಾಯಿತು. ಪೆನ್ನಿನ ತುದಿ ಕಾಗದದ ಮೇಲೆ ಅದುರುತ್ತಿದ್ದುದನ್ನು ಇನ್‌ಸ್ಪೆಕ್ಟರ್ ನೋಡಿದರು.

"ಗಂಡನ ವಸ್ತು ಹೆಂಡತಿ ತೆಗೆದ್ರೆ ಕಳ್ಳತನ ಆಗುತ್ತಾ ಮೇಡಂ?" ಎಂದು ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದ. "ಅವರಿಗೊಂದು ಮಾತು ಹೇಳಿದ್ರೆ ದೂರು ವಾಪಸ್ ತಗೋತಾರೆ. ಇವರು ಠಾಣೆಗೆ ಬರೋದೇ ಬೇಡ."

"ಬೇಡ ಸಾರ್," ಎಂದಳು ಆಕೆ. "ಕರ್ಕೊಂಡು ಹೋಗಿ. ನನ್ನನ್ನ ಅರೆಸ್ಟ್ ಮಾಡಿದ್ರೆ ಅವರು ಬರಲೇಬೇಕಲ್ಲ. ಅಲ್ಲಿ ಕೂತು ನಾನು ಹೇಳೋದನ್ನ ಕೇಳ್ತಾರೆ."

ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಬಂಧನ ದಾಖಲಾಯಿತು. ದೂರುದಾರ ತೋಳೇರಿಸಿಕೊಂಡೇ ಠಾಣೆಗೆ ನುಗ್ಗಿದ. "ಸಿಕ್ಕಿದ್ನಾ ಕಳ್ಳ?"

"ಸಿಕ್ಕಿದ್ರು," ಎಂದರು ಇನ್‌ಸ್ಪೆಕ್ಟರ್.

ಬೆಂಚಿನ ಮೇಲಿದ್ದ ಹೆಂಡತಿಯನ್ನು ಆತ ಆಗ ಕಂಡ. "ನೀನ್ಯಾಕೆ ಬಂದೆ? ನಾನು ನೋಡ್ಕೋತಿರಲಿಲ್ವಾ?"

ವಿಷಯ ತಿಳಿಸಿದ ಮೇಲೆ ಆತ ಹೆಂಡತಿಯನ್ನೂ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನೂ ಬಾಯಿ ತೆರೆದು ನೋಡಿದ.

"ಹಾಗಾದ್ರೆ ಆ ನಾಯಿ?"

"ನಾಯಿ ಇರಲಿಲ್ಲ ರೀ."

"ಇರಲಿಲ್ವಾ," ಎಂದ ಆತ. ಪೆಟ್ಟಿಗೆ ಹೋಗಿದ್ದಕ್ಕೆ ಇಲ್ಲದ ದುಃಖ ಆ ಒಂದು ಮಾತಿನಲ್ಲಿತ್ತು.

ಜಾಮೀನಿಗೆ ಒಬ್ಬರು ಬೇಕೆಂದಾಗ ಆತ ತಾನೇ ನಿಲ್ಲುತ್ತೇನೆಂದ. ದೂರು ಕೊಟ್ಟವನೇ ಆರೋಪಿಗೆ ಜಾಮೀನು ನಿಲ್ಲಬಹುದೇ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದ. ನಿಲ್ಲಬಾರದು ಅಂತ ಎಲ್ಲೂ ಬರೆದಿಲ್ಲ ಎಂದರು ಇನ್‌ಸ್ಪೆಕ್ಟರ್. ಮುಚ್ಚಳಿಕೆಗೆ ಸಹಿ ಆದ ಮೇಲೆ ಗಂಡಹೆಂಡಿರನ್ನು ತಮ್ಮ ಕೋಣೆಯಲ್ಲಿ ಕೂರಿಸಿ, ಕಿರುಗುಟ್ಟುತ್ತಿದ್ದ ಫ್ಯಾನ್ ನಿಲ್ಲಿಸಿ, ಬಾಗಿಲೆಳೆದುಕೊಂಡು ಹೊರಗೆ ಬಂದು ನಿಂತರು.

ಬಾಗಿಲಿನಿಂದ ಏನೂ ಪ್ರಯೋಜನವಾಗಲಿಲ್ಲ. ಒಳಗಿನದೆಲ್ಲ ಠಾಣೆಗೇ ಕೇಳಿಸಿತು.

"ನನ್ನ ಕೈ ನಡುಗ್ತಾ ಇದೆ ರೀ. ಎರಡು ತಿಂಗಳಾಯ್ತು. ಸೂಜಿ ಹಿಡಿಯೋಕೆ ಆಗ್ತಿಲ್ಲ. ಡಾಕ್ಟರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಹೇಳಿಲ್ಲ. ನನಗೆ ಭಯ ಆಗ್ತಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದೆ. ಹೋದ ಗುರುವಾರ, ಸಿಗ್ನಲ್ ಹತ್ರ. ಹಾಡು ಹೇಗಿದೆ ಅಂತ ಕೇಳಿದೆ ಅಂದ್ಕೊಂಡ್ರೇನೋ, ಹೆಬ್ಬೆರಳು ಎತ್ತಿ ತೋರಿಸಿದ್ರಿ."

ಹೊರಗೆ ಬರಹಗಾರರು ಮಾಡಲು ಕೆಲಸವಿಲ್ಲದೆ ಕಡತ ಜೋಡಿಸಿದರು. ಹೆಡ್ ಕಾನ್‌ಸ್ಟೆಬಲ್ ಗೋಡೆ ನೋಡುತ್ತ ನಿಂತ. ಬಾಗಿಲು ತೆರೆದಾಗ ಆತ ಹೆಂಡತಿಯ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹತ್ತಿರದಲ್ಲಿ ನರದ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಇನ್‌ಸ್ಪೆಕ್ಟರನ್ನು ಕೇಳಿದ. ಹೆಡ್ ಕಾನ್‌ಸ್ಟೆಬಲ್ ವಿಳಾಸ ಬರೆದುಕೊಟ್ಟ.

ಮುಂದಿನ ವಾರ ಆತ ರಾಜಿ ಅರ್ಜಿ ಹಿಡಿದು ಬಂದ. ನರದ್ದೇನೂ ಅಲ್ಲವಂತೆ, ಥೈರಾಯ್ಡ್ ಅಂತೆ, ಮಾತ್ರೆಗೆ ಇಳಿಯುತ್ತಂತೆ ಎಂದು ಎರಡು ಬೀದಿಗೆ ಕೇಳಿಸುವಂತೆ ಹೇಳಿದ. ವಿಷಯ ತಿಳಿದ ಡಾಕ್ಟರು ಕೆಲಸದಿಂದ ತೆಗೆದಿರಲಿಲ್ಲ. ಕೈ ಸರಿಯಾಗುವವರೆಗೆ ಆಕೆಗೆ ಸೂಜಿ ಬಿಟ್ಟು ಬೇರೆ ಕೆಲಸ ಕೊಟ್ಟಿದ್ದರು.

ಸಂಜೆ ಇನ್‌ಸ್ಪೆಕ್ಟರ್ ಅಂತಿಮ ವರದಿಗೆ ಕುಳಿತರು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಮೊದಲು ಬರೆದದ್ದೊಂದನ್ನು ಹೊಡೆದು ಹಾಕಿದರು. ಆಮೇಲೆ ಬರೆದರು: 'ಆರೋಪಿಗೆ ಸದರಿ ಪೆಟ್ಟಿಗೆಯಿಂದ ಯಾವ ಲಾಭವೂ ಬೇಕಿರಲಿಲ್ಲ. ತನಗೆ ಭಯವಾಗುತ್ತಿದೆ ಎಂಬುದನ್ನು ಗಂಡನಿಗೆ ಹೇಳಿಕೊಳ್ಳಲು ಕಾರು ಬಿಟ್ಟರೆ ಆಕೆಗೆ ಬೇರೆಲ್ಲೂ ಜಾಗವಿರಲಿಲ್ಲ.'

ಹೆಡ್ ಕಾನ್‌ಸ್ಟೆಬಲ್ ಅದನ್ನು ಎರಡು ಸಲ ಓದಿದ.

"ಇಷ್ಟಕ್ಕೇ ನ್ಯಾಯಾಧೀಶರಿಗೆ ಅರ್ಥ ಆಗುತ್ತಾ ಮೇಡಂ?"

"ಮದುವೆ ಆಗಿದೆ ಅವರಿಗೆ," ಎಂದರು ಇನ್‌ಸ್ಪೆಕ್ಟರ್. "ಸೀಲ್ ಹಾಕಿ ಕಳಿಸಿ."